ಮೂರು ದೀಪ, ಒಂದು ಕೋಲು

ನಮ್ಮೂರಿನ ಮನೆಗಳಲ್ಲಿ ಸಂಜೆ ದೀಪ ಹಚ್ಚಿದರೆ ಬೆಳಕು ಯಜಮಾನನ ಕಡೆಗೆ ವಾಲುತ್ತದೆ. ಅವನು ಪಡಸಾಲೆಯಲ್ಲಿ ಕೂತರೆ ಪಡಸಾಲೆ ಬೆಳಗುತ್ತದೆ. ಅವನು ಎದ್ದು ಬಚ್ಚಲಿಗೆ ಹೋದರೆ ಉಳಿದವರೆಲ್ಲ ಕೈಯಲ್ಲಿ ತುತ್ತು ಹಿಡಿದುಕೊಂಡು ಅವನು ಬರುವ ತನಕ ಕಾಯುತ್ತಾರೆ. ಬಲ್ಬು ಎಲ್ಲಿ ತೂಗುಹಾಕಿದರೂ ಅಷ್ಟೇ, ಟ್ಯೂಬ್ ಲೈಟ್ ಆದರೂ ಅಷ್ಟೇ. ಪರವೂರಿನ ಬೀಗರು ಬಂದಾಗ ಅಯ್ಯೋ ಇದೇನು ಎಂದು ಬಾಯಿ ತೆರೆಯುತ್ತಾರೆ. ನಮಗೆ ಅದು ಮಳೆ ಮೇಲಿನಿಂದ ಬೀಳುವಷ್ಟೇ ಸಹಜ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಹೀಗಿರುವುದರಿಂದ ನಮ್ಮೂರಿನ ಹೆಂಗಸರಿಗೆ ಕೆಲವು ರೂಢಿಗಳು ಅಂಟಿಕೊಂಡಿವೆ. ಬೇಳೆ ಹಸನು ಮಾಡುವುದಿದ್ದರೆ ಗಂಡನನ್ನು ಅಡಿಗೆಮನೆಗೆ ಕರೆಯುತ್ತೇವೆ. "ಏನ್ರಿ, ಒಂದೀಟು ಬಂದು ಇಲ್ಲೆ ಕೂಡ್ರಿ, ಬ್ಯಾಳ್ಯಾಗ ಕಲ್ಲ ಅದಾವು." ಪುರುಸೊತ್ತಿದ್ದರೆ ಅವನು ಬಂದು ಮಣೆಯ ಮೇಲೆ ಆಕಳಿಸುತ್ತ ಕೂರುತ್ತಾನೆ. ಇಲ್ಲದಿದ್ದರೆ ಆ ದಿನ ಮನೆಮಂದಿಯೆಲ್ಲ ಕಲ್ಲು ಕಡಿಯುತ್ತೇವೆ. ಇಷ್ಟು ಸಣ್ಣ ಊರಿಗೆ ಇಬ್ಬರು ಹಲ್ಲಿನ ಡಾಕ್ಟರಿದ್ದಾರೆ, ಇಬ್ಬರೂ ಮಹಡಿಮನೆ ಕಟ್ಟಿಸಿದ್ದಾರೆ. ಮಕ್ಕಳು ಅಪ್ಪನ ಕಾಲ ಬುಡದಲ್ಲಿ ಕೂತು ಓದುತ್ತವೆ. ನನ್ನ ಮಗಳು ದಾನಮ್ಮ ಹಾಗೆಯೇ ಓದಿ ದೊಡ್ಡವಳಾದಳು, ಅವಳ ಪುಸ್ತಕಗಳಿಗೆಲ್ಲ ಅಪ್ಪನ ಗಿರಣಿಯ ಹಿಟ್ಟಿನ ವಾಸನೆ ಇರುತ್ತಿತ್ತು. ಸಂಜೆಯ ಲಗ್ನಕ್ಕೆ ಹೋದರೆ ಬೇರೆ ಊರಿನವರು ನಮ್ಮನ್ನು ಸೊಟ್ಟ ಕುಂಕುಮದಿಂದಲೇ ಗುರುತು ಹಿಡಿಯುತ್ತಾರೆ. ಇನ್ನೊಂದು ಮಾತು. ಹೊತ್ತು ಮುಳುಗಿದ ಮೇಲೆ ಮನೆಯೊಳಗೆ ನಮಗೆ ನೆರಳಿಲ್ಲ. ಗೋಡೆಯ ಮೇಲೆ ದೊಡ್ಡದಾಗಿ ಓಡಾಡುವುದು ಯಜಮಾನನ ನೆರಳು ಮಾತ್ರ.

ಹಾಗಂತ ಯಜಮಾನ ಸುಖವಾಗಿದ್ದಾನೆ ಎಂದು ತಿಳಿಯಬೇಡಿ. ನನ್ನ ಗಂಡ ಅಂದಾನಪ್ಪನಿಗೆ ಬೆಲ್ಲದ ಉಂಡೆ ಎಂದರೆ ಪ್ರಾಣ. ಡಾಕ್ಟರು ಸಿಹಿ ಮುಟ್ಟಬೇಡ ಎಂದಿದ್ದಾರೆ. ಹಗಲೆಲ್ಲ ಗಿರಣಿಯಲ್ಲಿ ಹತ್ತು ಮಂದಿಯ ಕಣ್ಣು, ಸಂಜೆ ಮನೆಗೆ ಬಂದರೆ ದೀಪದ ಕಣ್ಣು. ಅವನು ಡಬ್ಬಿಗೆ ಕೈ ಹಾಕಿದ ಕೂಡಲೇ ಡಬ್ಬಿ, ಕೈ, ಉಂಡೆ, ಬಾಯಿ ಎಲ್ಲ ಝಗಝಗ ಹೊಳೆಯುತ್ತವೆ. ಪಾಪ, ನಮ್ಮೂರಿನಲ್ಲಿ ಯಜಮಾನ ಕದ್ದು ತಿನ್ನಲಾರ, ಕದ್ದು ಅಳಲಾರ.

ನನ್ನ ಹೆಸರು ಫಕೀರವ್ವ. ನನಗೆ ಬರುವ ವಿದ್ಯೆ ಒಂದೇ, ಕಸೂತಿ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು, ಎಲ್ಲೂ ಗಂಟು ಬೀಳಬಾರದು, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಹಗಲಿನ ಸೂರ್ಯ ಎಲ್ಲರಿಗೂ ಸೇರಿದವನು ನಿಜ, ಆದರೆ ಹಗಲು ನನಗೆ ಸೇರಿದ್ದಲ್ಲ. ರೊಟ್ಟಿ ಬಡಿಯುವುದು, ನೀರು ತುಂಬುವುದು, ಗಿರಣಿಗೆ ಬುತ್ತಿ ಒಯ್ಯುವುದು, ಇವುಗಳಲ್ಲಿ ಅದು ಮುಗಿದುಹೋಗುತ್ತದೆ. ಸೂಜಿ ಹಿಡಿಯಲು ಸಿಗುವುದು ಸಂಜೆ ಮಾತ್ರ. ಸಂಜೆಯ ಬೆಳಕು ಗಂಡನ ಹತ್ತಿರ. ಅವನ ಪಕ್ಕ ಕೂತು ಹೊಲಿಯೋಣವೆಂದರೆ ಅವನು ಒಂದು ಕಡೆ ಕೂರುವ ಜಾತಿಯಲ್ಲ. ಎಳೆ ಎಣಿಸುತ್ತಿರುವಾಗಲೇ ಎದ್ದು ಹೋಗುತ್ತಾನೆ, ಲೆಕ್ಕ ತಪ್ಪುತ್ತದೆ. ಹೋದ ವರ್ಷ ಓಣಿಯ ಸೊಸೆಯೊಬ್ಬಳ ಸೆರಗಿಗೆ ನಾನು ಹಾಕಿದ ಆನೆಗೆ ಐದು ಕಾಲು ಬಂದಿದ್ದವು. ಬೆಳಗ್ಗೆ ಬಿಸಿಲಿನಲ್ಲಿ ಸೀರೆ ಹರವಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಮೆಣಸಿನಕಾಯಿ ಅರೆದ ಹಾಗಿತ್ತು.

ಅಷ್ಟರಲ್ಲಿ ಗಂಡನ ಮನೆಯಲ್ಲಿದ್ದ ದಾನಮ್ಮ ಬಸುರಿಯಾದಳು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನಿಂದ ಕಪ್ಪು ಚಂದ್ರಕಾಳಿ ಸೀರೆ ಉಡಿಸಬೇಕು, ಅದರ ಸೆರಗಿಗೆ ತಾಯಿಯ ಕೈಯ ಕಸೂತಿ ಇರಬೇಕು. ಕಪ್ಪು ಬಟ್ಟೆ, ಕತ್ತಲ ಮೂಲೆ, ಎಣಿಸಬೇಕಾದ ಎಳೆ. ಮಗಳ ಮೈಮೇಲೆ ಐದು ಕಾಲಿನ ಆನೆ ಏರಿಸಿ ಬೀಗರ ಓಣಿಯನ್ನೆಲ್ಲ ನಗಿಸಲು ನಾನು ತಯಾರಿರಲಿಲ್ಲ.

ಸೀರೆ ತರಲು ಬೇರೆ ಊರಿನ ಪೇಟೆಗೆ ಹೋದೆ. ಜವಳಿ ಅಂಗಡಿಯ ಬಾಗಿಲಲ್ಲಿ ಒಂದು ಗೊಂಬೆ ನಿಂತಿತ್ತು. ಸುಣ್ಣದ ಮುಖ, ಮುರಿದ ಕಿರುಬೆರಳು. ಅದರ ಮೈಮೇಲೆ ಹಸಿರು ಸೀರೆ. ಚಾವಣಿಯಲ್ಲಿ ಉದ್ದಕ್ಕೆ ಒಂದು ಕಪ್ಪು ಪಟ್ಟಿ, ಪಟ್ಟಿಯಲ್ಲಿ ಮೂರು ದೀಪ, ಮೂರೂ ಕತ್ತು ಬಗ್ಗಿಸಿ ಆ ಗೊಂಬೆಯ ಸೆರಗಿನ ಮೇಲೆಯೇ ಬೆಳಕು ಬಿಟ್ಟಿದ್ದವು. ಅಂಗಡಿಯ ಯಜಮಾನ ಗಲ್ಲಾಪೆಟ್ಟಿಗೆಯ ಹಿಂದೆ ಅರೆಗತ್ತಲಲ್ಲಿ ಕೂತಿದ್ದ. ನಾನು ಬಹಳ ಹೊತ್ತು ಕಾದೆ. ದೀಪ ಅವನ ಕಡೆ ತಿರುಗಲಿಲ್ಲ. ಅವನು ಎದ್ದು ಹೋದ, ಬಂದ, ಸೀನಿದ. ಆದರೂ ತಿರುಗಲಿಲ್ಲ. ಉಸಿರಾಡದ ಗೊಂಬೆಗೆ ಮೂರು ದೀಪ, ಈ ಫಕೀರವ್ವನಿಗೆ ಒಂದೂ ಇಲ್ಲವೇ ಎಂದು ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಸೀರೆ ಕಟ್ಟಿಸಿಕೊಂಡು, ದೀಪ ಮಾರುವ ಅಂಗಡಿ ಎಲ್ಲಿ ಎಂದು ಕೇಳಿದೆ.

ದೀಪದ ಅಂಗಡಿಯ ದಾದಾಪೀರ ಬಿಳಿ ಗಡ್ಡದ ಮನುಷ್ಯ. ಪಟ್ಟಿ ದೀಪ ಬೇಕು ಎಂದೆ. ಅವನು ಮೊದಲು ಕೇಳಿದ್ದು ಒಂದೇ ಮಾತು. "ಬೆಳಕು ಎಲ್ಲೆ ಬೀಳಬೇಕ್ರಿ ಅಕ್ಕಾರ?"

ನಮ್ಮೂರಿನ ವಾಯರ್‌ಮನ್ನುಗಳು ಕೇಳುವುದು ಬೇರೆ. ಯಜಮಾನ್ರು ಎಲ್ಲಿ ಕೂಡ್ತಾರ ಎಂದು ಕೇಳಿ, ಆ ಕುರ್ಚಿಯ ನೆತ್ತಿಗೆ ಮೊಳೆ ಹೊಡೆದು ಹೋಗುತ್ತಾರೆ. ಬೆಳಕು ಎಲ್ಲಿ ಬೀಳಬೇಕು ಎಂದು ಹುಟ್ಟಿದಾಗಿನಿಂದ ನನ್ನನ್ನು ಯಾರೂ ಕೇಳಿರಲಿಲ್ಲ. ಎರಡೂ ಕೈ ಚಾಚಿ ತೋರಿಸಿದೆ. "ಇಲ್ಲೆ. ಇವುಗಳ ಮ್ಯಾಲ."

ಅವನು ನಗಲಿಲ್ಲ. ಚಾವಣಿ ಎಷ್ಟು ಎತ್ತರ, ಕಾಂಕ್ರೀಟೋ ಮರದ ಜಂತಿಯೋ, ಯಾವ ಕೈಯಲ್ಲಿ ಸೂಜಿ ಹಿಡಿಯುತ್ತೀರಿ ಎಂದೆಲ್ಲ ವಿಚಾರಿಸಿದ. ನಾನು ತಂದಿದ್ದ ಕಪ್ಪು ಸೀರೆಯ ಒಂದು ಮಡಿಕೆ ಬಿಚ್ಚಿಸಿ, ಒಂದರ ನಂತರ ಒಂದು ದೀಪ ಹಿಡಿದು ತೋರಿಸಿದ. ಹಳದಿ ಬೆಳಕಿನಲ್ಲಿ ಸೀರೆ ಚಂದ ಕಂಡಿತು, ಎಳೆ ಕಾಣಲಿಲ್ಲ. ಅಚ್ಚ ಬಿಳಿಯದರಲ್ಲಿ ಕಣ್ಣಿಗೆ ಸುಣ್ಣ ಬಿದ್ದ ಹಾಗಾಯಿತು. ನಡುವಿನದೊಂದು ಹಿಡಿದಾಗ ಪ್ರತಿ ಎಳೆಯೂ ಬೇರೆಬೇರೆಯಾಗಿ ಎದ್ದು ಕೂತಿತು. "ಇದ ಬೇಕ್ರಿ," ಎಂದೆ. ತಲೆಯ ಹಿಂದೆ ಕಟ್ಟಿಸಬೇಡಿ, ನಿಮ್ಮ ತಲೆಯ ನೆರಳು ನಿಮ್ಮ ಕೈಮೇಲೆಯೇ ಬೀಳುತ್ತದೆ, ಎಡಗಡೆ ಸ್ವಲ್ಪ ಮುಂದೆ ಇರಲಿ ಎಂದು ಹೇಳಿದ. ನನ್ನ ನೆರಳು ಎಂದ ಕೂಡಲೇ ನಾನು ಅವನ ಮುಖ ನೋಡಿದೆ. ಅವನಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಮನೆಗೆ ತಂದು ಗಂಡನಿಗೆ ತೋರಿಸಿದೆ. ಅವನು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ನಿನಗ ಹೆಂಗ ಬೇಕೋ ಹಂಗ ಹಾಕಿಸ್ಕೊ. ಆದ್ರ ಅವ್ವಗ ಹೇಳಾಕಿ ನೀನ."

ಅವ್ವ ಎಂದರೆ ನನ್ನ ಅತ್ತೆ ಬಾಳವ್ವ. ಅವಳ ಬಗ್ಗೆ ಒಂದು ಸಂಗತಿ ಹೇಳಬೇಕು. ನನ್ನ ಗಂಡ ಇದನ್ನು ನನಗೆ ಒಮ್ಮೆ ಮಾತ್ರ ಹೇಳಿದ್ದಾನೆ, ಅದೂ ತಲೆ ತಗ್ಗಿಸಿ. ಮಾವ ತೀರಿಕೊಂಡಾಗ ಇವನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಯಜಮಾನ ಸತ್ತ ಮನೆಯಲ್ಲಿ ದಿನಕರ್ಮ ಮುಗಿಯುವ ತನಕ ದೀಪ ಹತ್ತುವುದಿಲ್ಲ. ಮುಗಿದ ಸಂಜೆ ನೆಂಟರೆಲ್ಲ ಸೇರಿ ದೀಪ ಹಚ್ಚಿ, ಬೆಳಕು ಯಾರ ಕಡೆ ಹೋಗುತ್ತದೆ ಎಂದು ನೋಡುತ್ತಾರೆ. ಆ ಸಂಜೆ ಬಾಳವ್ವ ತಲೆ ಬಾಚಿ, ಒಗೆದ ಸೀರೆ ಉಟ್ಟು, ಪಡಸಾಲೆಯ ನಡುವಿನ ಜಂತಿಯ ಕೆಳಗೆ ಬಂದು ಕೂತಳು. ಮಾವ ಹಾಸಿಗೆ ಹಿಡಿದಾಗಿನಿಂದ ಗಿರಣಿ ನಡೆಸಿದವಳು ಅವಳು, ಮನೆ ನಡೆಸಿದವಳು ಅವಳು. ದೀಪ ಹತ್ತಿತು. ಬೆಳಕು ಅವಳನ್ನು ದಾಟಿಕೊಂಡು ಹೋಗಿ ಬಾಗಿಲ ಹತ್ತಿರ ಬಿಕ್ಕುತ್ತ ಕೂತಿದ್ದ ಹುಡುಗನ ಮೇಲೆ ಬಿತ್ತು. ಬಾಳವ್ವ ಎದ್ದು ಒಳಗೆ ಹೋಗಿ ಅನ್ನಕ್ಕಿಟ್ಟಳು. ಆಮೇಲೆ ಯಾವತ್ತೂ ಆ ಮಾತು ಎತ್ತಲಿಲ್ಲ, ದೀಪದ ಕೆಳಗೆ ಕೂರಲೂ ಇಲ್ಲ.

ಇಂಥವಳು ನನ್ನ ಕಡೆ ಇರುತ್ತಾಳೆ ಎಂದು ನಾನು ಎಣಿಸಿದ್ದರೆ ಅದು ನನ್ನ ದಡ್ಡತನ. ಪಟ್ಟಿ ನೋಡಿದ್ದೇ ತಡ ಕೂಗಾಡಿದಳು. "ಏನವಾ, ನಾವೆಲ್ಲ ಕತ್ತಲ್ದಾಗ ಸತ್ತೇವೇನ? ಕತ್ತಲ್ದಾಗ ಹಡದೇವಿ, ಕತ್ತಲ್ದಾಗ ಉಣ್ಣಾಕ ನೀಡೇವಿ. ನಿನ್ನ ಕೈಗೊಂದು ದೀಪ, ಕಾಲಿಗೊಂದು ದೀಪ ಬೇಕೇನು?"

"ಕಾಲಿಗೆ ಬ್ಯಾಡ್ರಿ ಅತ್ತಿ, ಕೈಗಷ್ಟ ಸಾಕು," ಎಂದೆ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮೂರಿನಲ್ಲಿ ಅದು ಸುಳ್ಳು. ಇಬ್ಬರಿಗೂ ಕಾಲ ಬಂದಿರಲಿಲ್ಲ, ಅದಕ್ಕೇ ಇಬ್ಬರೂ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದೆವು.

ಪಟ್ಟಿ ಹಾಕಲು ವಾಯರ್‌ಮನ್ ಕಲ್ಲಪ್ಪನನ್ನು ಕರೆಸಿದೆ. ಅಡಿಗೆಮನೆಯ ಬಾಗಿಲ ಪಕ್ಕದ ಮೂಲೆ ತೋರಿಸಿ, ಈ ಜಂತಿಗೆ, ಈ ಗುರುತಿನಿಂದ ಆ ಗುರುತಿನ ತನಕ ಎಂದು ಮಸಿ ಹಚ್ಚಿ ಹೇಳಿದೆ. ಅವನು ಹೂಂ ಹೂಂ ಎಂದ. ನಾನು ಚಹಾ ಇಡಲು ಒಳಗೆ ಹೋದೆ. ಡ್ರಿಲ್ ಸದ್ದು ಕೇಳಿಸಿತು. ಚಹಾ ತಂದು ನೋಡಿದರೆ ಮಹಾರಾಯ ಪಡಸಾಲೆಯಲ್ಲಿ ಗಂಡನ ಕುರ್ಚಿಯ ಪಕ್ಕ ಏಣಿ ಹಾಕಿ, ಅದರ ನೆತ್ತಿಯ ಜಂತಿಗೆ ಸಾಲಾಗಿ ತೂತು ಹೊಡೆದು, ಪಟ್ಟಿಯನ್ನು ಅರ್ಧ ಕೂರಿಸಿಯೇ ಬಿಟ್ಟಿದ್ದ.

"ಕಲ್ಲಪ್ಪಾ, ನಾ ಎಲ್ಲೆ ತೋರಿಸಿದ್ದೆ?"

ಅವನು ಏಣಿಯ ಮೇಲಿಂದ ನಿಜವಾಗಿಯೂ ಗಾಬರಿಯಾಗಿ ಕೆಳಗೆ ನೋಡಿದ. "ಅಯ್ಯ, ಕೈ ತಾನ ಇಲ್ಲಿಗೆ ಬಂತ್ರಿ ವೈನಿ. ಕುರ್ಚಿ ಕಂಡ ಕೂಡ್ಲೆ ಡ್ರಿಲ್ ಎತ್ತಿಬಿಡ್ತೀನಿ ನೋಡ್ರಿ." ಸುಳ್ಳಲ್ಲ, ಅವನ ಅಪ್ಪನೂ ಹೀಗೇ ಹಾಕುತ್ತಿದ್ದ. "ಇರ್ಲಿ ಬಿಡ್ರಿ. ಎಲ್ಲೆ ಹಾಕಿದ್ರೂ ಬೆಳಕು ಅಣ್ಣಾರ ಕಡೆನ ಹೋಗ್ತೈತಿ. ವಾಯರ್ ಯಾಕ ದಂಡ ಮಾಡ್ತೀರಿ?"

"ಬಿಚ್ಚು," ಎಂದೆ. ಚಹಾ ಲೋಟ ಅವನಿಗೆ ಕಾಣುವ ಹಾಗೆ ಕಿಟಕಿಯ ಮೇಲಿಟ್ಟೆ, ಕೊಡಲಿಲ್ಲ. ಅವನು ಬಿಚ್ಚಿ, ಮೂಲೆಯ ಜಂತಿಗೆ ಕೂರಿಸಿ, ಮೂರು ದೀಪ ಸಿಕ್ಕಿಸಿ, ಕೆಳಗಿಳಿದು ತಣ್ಣಗಾದ ಚಹಾ ಕುಡಿದು ಹೋದ. ಕುರ್ಚಿಯ ನೆತ್ತಿಯ ತೂತುಗಳು ಇವತ್ತಿಗೂ ಇವೆ. ಅವುಗಳಿಂದ ಉದುರುವ ಮರದ ಹಿಟ್ಟು ಯಜಮಾನರ ತಲೆಗೆ ಬೀಳುತ್ತದೆ.

ಹೊಸ ದೀಪಕ್ಕೆ ಮುಖ ತೋರಿಸುವುದು ನಮ್ಮಲ್ಲಿ ಒಂದು ಶಾಸ್ತ್ರ. ಯಜಮಾನ ಕೆಳಗೆ ಕೂರಬೇಕು, ಕಾಯಿ ಒಡೆಯಬೇಕು, ಆಮೇಲೆ ಸ್ವಿಚ್ ಒತ್ತಬೇಕು. ಓಣಿಯವರು ಮಂಡಕ್ಕಿ ತಿನ್ನುತ್ತ ಬಂದು ನಿಂತರು. ಮುಂದಿನ ಸಾಲಿನಲ್ಲಿ ಗಿರಿಮಲ್ಲಪ್ಪ ಕಾಕಾ. ಮಾವನ ತಮ್ಮ, ಓಣಿಗೆಲ್ಲ ಹಿರಿಯ, ಪಕ್ಕದ ಮನೆಯಲ್ಲಿದ್ದರೂ ನಮ್ಮ ಮನೆಯನ್ನೇ ಆಳುವವನು. ಮೂಲೆಯ ಚಾಪೆಯ ಮೇಲೆ ನಾನು ಕೂತಿದ್ದು ನೋಡಿ ಅವನ ಹುಬ್ಬು ಗಂಟಿಕ್ಕಿತು. ನಾನು ಕಾಯಿ ಒಡೆದು ನಾನೇ ಸ್ವಿಚ್ ಒತ್ತಿದೆ.

ಮೂರು ದೀಪ ಹತ್ತಿದವು. ಒಂದು ಉಸಿರಿನಷ್ಟು ಹೊತ್ತು ನನ್ನ ಕೈಗಳು ಬೆಳಗಿದವು. ಬೆರಳ ತುದಿಯ ಸೂಜಿ ಚುಚ್ಚಿದ ಕಲೆಗಳನ್ನೆಲ್ಲ ಕಂಡೆ. ಆಮೇಲೆ ಚಿರ್ ಎಂದು ಸದ್ದಾಯಿತು. ಮೂರೂ ದೀಪಗಳು ಕತ್ತು ಹೊರಳಿಸಿ ಪಡಸಾಲೆಯ ಕುರ್ಚಿಯಲ್ಲಿದ್ದ ಅಂದಾನಪ್ಪನ ಕಡೆ ತಿರುಗಿ ನಿಂತವು. ಮಂಡಕ್ಕಿ ತುಂಬಿದ ಬಾಯಿಗಳೆಲ್ಲ ಗೊಳ್ಳೆಂದು ನಕ್ಕವು.

"ಆತಲ್ಲವಾ," ಎಂದ ಕಾಕಾ. "ದೀಪಕ್ಕಿರೋ ಬುದ್ಧಿ ನಿನಗಿಲ್ಲ."

ನಾನು ಸ್ಟೂಲು ಎಳೆದುಕೊಂಡು ಹತ್ತಿ, ಮೂರರ ಕತ್ತನ್ನೂ ಹಿಡಿದು ನನ್ನ ಚಾಪೆಯ ಕಡೆ ತಿರುಗಿಸಿದೆ. ಇಳಿದು ಕೂರುವಷ್ಟರಲ್ಲಿ ಚಿರ್ ಎಂದು ಹಿಂದಿರುಗಿದವು. ಮತ್ತೆ ಹತ್ತಿದೆ. ಮತ್ತೆ ಹಿಂದಿರುಗಿದವು. ಸ್ಕ್ರೂ ಬಿಗಿ ಮಾಡಿದೆ. ಒರಳು ತಿರುವಿದ ಹಾಗೆ ಸದ್ದು ಮಾಡುತ್ತ ಹಿಂದಿರುಗಿದವು. ದಾರ ಕಟ್ಟಿದೆ, ದಾರ ಹರಿಯಿತು. ನಾಯಿ ಬಾಲದ ಹಾಗೆ ಎಂದು ಯಾರೋ ಅಂದರು. ಎಷ್ಟು ಸಲ ಹತ್ತಿದೆನೋ ನನಗೇ ತಿಳಿಯದು. ಮಂಡಕ್ಕಿ ಮುಗಿದು, ನಗು ಮುಗಿದು, ಬೇಸರ ಬಂದು ಓಣಿಯವರು ಒಬ್ಬೊಬ್ಬರೇ ಮನೆಗೆ ಹೋದರು. ನಾನು ಕೊನೆಯ ಸಲ ಹತ್ತಿ ತಿರುಗಿಸಿ ಇಳಿದೆ. ಸೋಲುವುದಾದರೆ ದೀಪ ಸೋಲಲಿ ಎಂದು ಅವತ್ತೇ ತೀರ್ಮಾನ ಮಾಡಿದೆ.

ಮರುದಿನ ಜೇಡರ ಬಲೆ ತೆಗೆಯುವ ಬಿದಿರು ಕೋಲಿನ ತುದಿಗೆ ಒಂದು ತಂತಿಯ ಕೊಕ್ಕೆ ಕಟ್ಟಿಕೊಂಡೆ. ಸ್ಟೂಲು ಹತ್ತುವುದು ತಪ್ಪಿತು. ಕೂತಲ್ಲಿಂದಲೇ ಕೊಕ್ಕೆ ಹಾಕಿ ಎಳೆಯುವುದು, ಬೆಳಕು ಕೈಮೇಲೆ ಬಿದ್ದ ಕೂಡಲೇ ಎಳೆ ಎಣಿಸಿ ಸೂಜಿ ಹಾಕುವುದು. ಒಮ್ಮೆ ಎಳೆದರೆ ಮೂರು ಹೊಲಿಗೆ ಸಿಗುತ್ತಿತ್ತು. ಅಷ್ಟರಲ್ಲಿ ಚಿರ್. ಮತ್ತೆ ಕೋಲು. ಮತ್ತೆ ಮೂರು ಹೊಲಿಗೆ. ಹೀಗೆ ಆನೆಯ ಮೊದಲನೆಯ ಕಾಲು ಆಯಿತು, ಎರಡನೆಯದಾಯಿತು. ಭುಜ ಸಿಡಿಯುತ್ತಿತ್ತು. ಆದರೆ ಆ ಮೂರು ಹೊಲಿಗೆಯ ಬೆಳಕಿನಲ್ಲಿ ನಾನು ನನ್ನ ಕೈಗಳನ್ನು ನೋಡುತ್ತಿದ್ದೆ. ಅವು ಚಂದ ಇದ್ದವು. ಯಾರೂ ಹೇಳಿರಲಿಲ್ಲ, ನನಗೆ ಹಾಗನ್ನಿಸಿತು.

ಬಾಳವ್ವ ಕತ್ತಲಲ್ಲಿ ಕೂತು ಕೊಂಕು ನುಡಿಯುತ್ತಿದ್ದಳು. "ತಿರಗತು ನೋಡು, ಎಳಿ. ಎಳದ ಎಳೀತಾಳ. ಬಾವಿ ನೀರು ಸೇದಿದಂಗ ಆತು." ಆದರೆ ಒಂದು ಗಮನಿಸಿದೆ. ನಾನು ಸೂಜಿಯ ಮೇಲೆ ಕಣ್ಣಿಟ್ಟು ದೀಪ ತಿರುಗಿದ್ದು ಮರೆತರೆ ಮೊದಲು ಕೂಗುತ್ತಿದ್ದವಳು ಅವಳೇ. ಇನ್ನೊಂದು, ಅವಳ ಚಾಪೆ ದಿನದಿಂದ ದಿನಕ್ಕೆ ನನ್ನ ಮೂಲೆಯ ಕಡೆ ಸರಿಯುತ್ತಿತ್ತು. ಕೇಳಿದ್ದರೆ ಗಾಳಿಗಾಗಿ ಎನ್ನುತ್ತಿದ್ದಳು, ಅದಕ್ಕೇ ಕೇಳಲಿಲ್ಲ.

ದೀಪ ಹಿಂದಿರುಗುವುದು ನಿಧಾನವಾಗುತ್ತಿದೆ ಎಂದು ನನಗೆ ಅನ್ನಿಸತೊಡಗಿತು. ಮೂರು ಹೊಲಿಗೆ ಇದ್ದದ್ದು ಐದಾಯಿತು. ಸ್ಪ್ರಿಂಗ್ ಸವೆದಿರಬೇಕು ಎಂದ ಕಲ್ಲಪ್ಪ. ಸವೆಯಲಿ ಎಂದೆ. ಓಣಿಯ ಹೆಂಗಸರು ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಸಂಜೆ ಬರತೊಡಗಿದರು. ಬಂದವರು ನಿಂತುಕೊಂಡು ನೋಡುವರು. ಒಬ್ಬಳು ತನ್ನ ಕೈಯನ್ನು ಆ ಬೆಳಕಿಗೆ ಚಾಚಿ, ಬಳೆ ನೋಡಿಕೊಂಡು, ಚಿರ್ ಎಂದ ಕೂಡಲೇ ಹಿಂದಕ್ಕೆಳೆದುಕೊಂಡಳು. ಹೋಗುವಾಗ ಹೆಪ್ಪು ಒಯ್ಯುವುದು ಮರೆತಳು. ಅವರಲ್ಲಿ ಇಬ್ಬರು ತಮ್ಮ ಮನೆಗೂ ಒಂದು ಪಟ್ಟಿ ಬೇಕು ಎಂದು ಗಂಡಂದಿರ ಹತ್ತಿರ ಬಾಯಿ ಬಿಟ್ಟರು. ಅಲ್ಲಿಗೆ ಗಿರಿಮಲ್ಲಪ್ಪ ಕಾಕಾನಿಗೆ ತಡೆಯಲಾಗಲಿಲ್ಲ.

ಆನೆಯ ಮೂರನೆಯ ಕಾಲು ಮುಗಿದ ಸಂಜೆ ಅವನು ಬಂದ. ಹಿಂದೆ ನಾಲ್ಕೈದು ಮನೆಯ ಯಜಮಾನರು, ಅವರ ಹಿಂದೆ ಬಾಗಿಲಲ್ಲಿ ಹೆಂಗಸರು. ದೀಪಗಳು ಎಂದಿನಂತೆ ಅಂದಾನಪ್ಪನ ಮೇಲಿದ್ದವು. ಅವನ ಹಣೆಯ ಬೆವರು ಸಾಲು ಸಾಲಾಗಿ ಕಾಣುತ್ತಿತ್ತು.

"ಅಂದಾನಿ, ಈ ಮನ್ಯಾಗ ಯಜಮಾನ ಯಾರು?" ಎಂದ ಕಾಕಾ.

ಅಂದಾನಪ್ಪ ದೀಪದ ಕಡೆ ನೋಡಿದ, ನೆಲ ನೋಡಿದ. "ನಾನ್ರಿ ಕಾಕಾ."

"ಹಂಗಾದ್ರ ಹೇಳು ಒಂದು ಮಾತು. ನಾಳೆ ಹೊತ್ತು ಏರೂದ್ರೊಳಗ ಆ ಪಟ್ಟಿ ಕೀಳಬೇಕು. ನಿನ್ನ ಹೇಣ್ತಿ ದಿನಾ ಕೋಲ ತಗೊಂಡು ಬೆಳಕ ಎಳೀತಾಳಂದ್ರ ನಾಳೆ ಊರಿನ ಹೆಂಗಸರೆಲ್ಲಾ ಕೋಲ ಹಿಡೀತಾರ. ಆವಾಗ ಗಂಡಸರು ಎಲ್ಲೆ ಕೂಡಬೇಕು?"

"ಕತ್ತಲ್ದಾಗ ಕೂಡ್ರಿ," ಎಂದೆ ನಾನು. "ನಾವು ಕೂತಿಲ್ಲೇನು?"

"ಬಾಯಿ ಮುಚ್ಚು! ವೈನೀ, ಎಲ್ಲದೀರಿ?" ಕಾಕಾ ಕತ್ತಲಿನ ಕಡೆ ತಿರುಗಿ ಬಾಳವ್ವನನ್ನು ಕರೆದ. "ನೀವ ಹೇಳ್ರಿ ನಿಮ್ಮ ಸೊಸಿಗೆ. ನೀವೂ ಇಷ್ಟು ವರ್ಷ ಬಾಳ್ವಿ ಮಾಡೀರಿ. ಒಂದಿನಾ ಬೆಳಕ ಕೇಳೀರೇನು?"

ಒಳಗಿನಿಂದ ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಕೇಳಿತು. ಬಳಿಕ ಬಾಚಣಿಕೆಯ ಸದ್ದು. ಕಾಕಾ ಕಾದ, ಎಲ್ಲರೂ ಕಾದರು. ಗಂಡ ಕೀಳು ಎಂದರೆ ಪಟ್ಟಿ ಕೀಳಲೇಬೇಕಾಗುತ್ತಿತ್ತು, ನಾಲ್ಕನೆಯ ಕಾಲು ಕತ್ತಲಲ್ಲೇ ಆಗಬೇಕಾಗುತ್ತಿತ್ತು.

ಬಾಳವ್ವ ಹೊರಗೆ ಬಂದಳು. ಒಗೆದ ಸೀರೆಯ ಮಡಿಕೆ ವಾಸನೆ ಮೊದಲು ಬಂತು. ಅವಳು ಯಾರ ಕಡೆಯೂ ನೋಡದೆ ನನ್ನ ಮೂಲೆಗೆ ನಡೆದು, ನನ್ನನ್ನು ಒಂದು ಕಡೆ ಸರಿಸಿ, ಚಾಪೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.

"ಫಕೀರವ್ವಾ, ತಿರಗಸು," ಎಂದಳು.

ನಾನು ಕೊಕ್ಕೆ ಹಾಕಿ ಒಂದು ದೀಪ ಎಳೆದೆ. ಬೆಳಕು ಅವಳ ಮುಖಕ್ಕೆ ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳ ಗಲ್ಲದ ಮೇಲೆ ಹಚ್ಚೆಯ ಮೂರು ಚುಕ್ಕೆಗಳಿರುವುದು ಸಂಜೆಯ ಹೊತ್ತು ನಾನು ನೋಡಿರಲಿಲ್ಲ. ಚಿರ್ ಎಂದು ದೀಪ ಹೋಯಿತು.

"ಇನ್ನೊಮ್ಮೆ."

ಎಳೆದೆ. ಹೋಯಿತು.

"ಇನ್ನೊಮ್ಮೆ ಎಳಿ. ನಾ ಏನು ಏಳಂಗಿಲ್ಲ." ಅವಳು ಕಾಕಾನ ಕಡೆ ಮುಖ ಎತ್ತಿದಳು. "ಗಿರಿಮಲ್ಲಪ್ಪಾ, ಕೇಳೀರೇನು ಅಂದ್ಯಲ್ಲ. ಕೇಳಿದ್ದೆ. ನಿಮ್ಮಣ್ಣ ಹ್ವಾದ ಮ್ಯಾಲ ಇದ ಮನ್ಯಾಗ, ಆ ಜಂತಿ ಬುಡಕ, ತಲಿ ಹಿಕ್ಕೊಂಡು ಕೂತಿದ್ದೆ. ಬಾಯಿ ಬಿಟ್ಟು ಕೇಳ್ಲಿಲ್ಲ, ಕೂತು ಕೇಳಿದ್ದೆ. ನೀನೂ ಇದ್ದಿ ಅವತ್ತ. ನೀ ನನ್ನ ಕಡೆ ನೋಡ್ಲಿಲ್ಲ. ಒಬ್ಬರೂ ನೋಡ್ಲಿಲ್ಲ. ದೀಪ ಒಂದ ಏನು ಮಾಡೀತು ಪಾಪ? ಆ ಗಿರಣಿ ಕಲ್ಲಿಗೆ ಉಳಿ ಹಿಡದು ಟಾಕಿ ಹಾಕಿದ್ದು ಈ ಕೈ. ಆ ಕೂಸಿನ ಮೀಸಿ ಬರೂತನಾ ಊರಿಗೆಲ್ಲಾ ಹಿಟ್ಟು ಬೀಸಿಕೊಟ್ಟದ್ದು ಈ ಕೈ. ಅವತ್ತು ಎದ್ದು ಒಳಗ ಹೋಗಿ ಅನ್ನಕ್ಕಿಟ್ಟೆ, ಅದು ನನ್ನ ತಪ್ಪು. ಇವತ್ತ ಅನ್ನಾ ಯಾರಾರ ಮಾಡ್ರಿ."

ನಾನು ಎಳೆದೆ. ಕಣ್ಣಲ್ಲಿ ನೀರು ತುಂಬಿ ಕೊಕ್ಕೆಯೂ ಕಾಣುತ್ತಿರಲಿಲ್ಲ. ದೀಪ ಅವಳ ಮೇಲೆ ಬಂತು, ಚಿರ್ ಎಂದು ಹೊರಟಿತು. ಆಗ ಅಂದಾನಪ್ಪ ಕುರ್ಚಿಯಿಂದ ಎದ್ದ. ಈ ಸಲವೂ ಅವನು ನೆಲ ನೋಡುತ್ತಾನೆ ಎಂದುಕೊಂಡೆ. ನೋಡಲಿಲ್ಲ. ತಲೆ ಎತ್ತಿ ನೇರವಾಗಿ ತನ್ನ ಅವ್ವನ ಮುಖ ನೋಡಿದ. ನೋಡುತ್ತಲೇ ನಿಂತ. ಅವನು ನೋಡುವುದನ್ನು ಕಂಡು ಉಳಿದ ಯಜಮಾನರೂ ಆ ಕಡೆ ತಿರುಗಿದರು, ಬಾಗಿಲಲ್ಲಿದ್ದ ಹೆಂಗಸರು ಕತ್ತು ಚಾಚಿದರು. ಕೊನೆಗೆ ಕಾಕಾನೂ ನೋಡಿದ.

"ಅವ್ವಾ, ನನಗೂ ಸಾಕಾಗೇತಿ," ಎಂದ ಅಂದಾನಪ್ಪ.

ಅರ್ಧ ದಾರಿ ಹೋಗಿದ್ದ ದೀಪ ನಿಂತಿತು. ನನ್ನ ಕೋಲು ನೆಲದ ಮೇಲಿತ್ತು, ನಾನು ಮುಟ್ಟಿರಲಿಲ್ಲ. ಅದು ನಿಧಾನವಾಗಿ, ಸದ್ದಿಲ್ಲದೆ ಹಿಂದಿರುಗಿ ಬಂದು ಬಾಳವ್ವನ ಮೇಲೆ ಬೆಳಕು ಚೆಲ್ಲಿತು. ಚಿರ್ ಎನ್ನುವ ಸದ್ದಿಗಾಗಿ ಎಲ್ಲರ ಕಿವಿಯೂ ಕಾದಿತ್ತು. ಅದು ಬರಲಿಲ್ಲ.

ಬಾಳವ್ವ ದೀಪದ ಕಡೆ ನೋಡಲೇ ಇಲ್ಲ. ಅವಳು ಹಿಂದೆ ಗೋಡೆಯ ಕಡೆ ತಿರುಗಿದ್ದಳು. ಗೋಡೆಯ ಮೇಲೆ ಜಂತಿ ಮುಟ್ಟುವಷ್ಟು ಎತ್ತರಕ್ಕೆ ಅವಳ ನೆರಳು ಕೂತಿತ್ತು. ಅವಳು ಕೈ ಎತ್ತಿದಳು, ನೆರಳು ಕೈ ಎತ್ತಿತು. ಅವಳು ಗೋಡೆಯನ್ನು ಮುಟ್ಟಿ ಸವರಿದಳು.

"ಯವ್ವಾ, ನಾ ಇಷ್ಟ ದೊಡ್ಡಾಕಿ ಅದೀನೇನು?" ಎಂದಳು.

ಬಾಗಿಲಲ್ಲಿದ್ದ ಹೆಂಗಸರಲ್ಲಿ ಯಾರೋ ಬಿಕ್ಕಿದರು. ಒಂದು ದೀಪ ಕಡಿಮೆಯಾಗಿ ಮಸುಕಾದ ಪಡಸಾಲೆಯಿಂದ ಡಬ್ಬಿಯ ಮುಚ್ಚಳ ಬಿಚ್ಚಿದ ಸದ್ದು ಬಂತು, ಅದರ ಹಿಂದೆಯೇ ನನ್ನ ಗಂಡ ಉಂಡೆ ಕಡಿದ ಸದ್ದು. ನಾನು ಬೈಯಲಿಲ್ಲ, ಅವತ್ತೊಂದು ದಿನ ತಿನ್ನಲಿ ಎಂದು ಬಿಟ್ಟೆ.

ಗಿರಿಮಲ್ಲಪ್ಪ ಕಾಕಾ ಹೆಗಲ ಮೇಲಿನ ವಸ್ತ್ರ ಕೊಡವಿ ಹೊಸ್ತಿಲ ಹತ್ತಿರ ನಿಂತ. "ಇವತ್ತೇನೋ ನಿಂತೇತಿ. ನಾಳೆ ಹಿಂದಿರುಗೇ ಹಿಂದಿರುಗತೈತಿ, ಬರದಿಟ್ಕೊರಿ," ಎಂದ.

"ಹಿಂದಿರುಗ್ಲಿ ಬಿಡಪಾ," ಎಂದಳು ಬಾಳವ್ವ, ಗೋಡೆಯಿಂದ ಕಣ್ಣು ತೆಗೆಯದೆ. "ಕೋಲ ಐತಿ."

ನಾನು ಸೀರೆಯ ಸೆರಗು ತೊಡೆಯ ಮೇಲೆ ಹರವಿಕೊಂಡು ಅವಳ ಪಕ್ಕ ಕೂತೆ. ಎರಡನೆಯ ದೀಪವನ್ನು ನನ್ನ ಕೈಗಳ ಮೇಲೆ ಎಳೆದುಕೊಂಡು ಆನೆಯ ನಾಲ್ಕನೆಯ ಕಾಲಿಗೆ ಎಳೆ ಎಣಿಸತೊಡಗಿದೆ. ಒಂದು, ಎರಡು, ಮೂರು, ನಾಲ್ಕು. ಚಿರ್ ಎಂದು ದೀಪ ಹೊರಳಿ ಪಡಸಾಲೆಗೆ ಹೋಯಿತು. ಬಾಳವ್ವ ತನ್ನ ನೆರಳನ್ನು ನೋಡುತ್ತಲೇ ನೆಲದ ಮೇಲೆ ತಡಕಾಡಿ ಕೋಲೆತ್ತಿ ನನ್ನ ಕೈಗೆ ಕೊಟ್ಟಳು.